ಬೀಗರಿಗೆ ತೆರೆದಿಟ್ಟ ಫೋಲ್ಡರ್

ಮನೆಗೆ ಬಂದವರನ್ನು ಹೊಸಿಲಾಚೆ ನಿಲ್ಲಿಸಿ ಮಾತಾಡಿಸುವುದು ನನಗೆ ಬರುವುದಿಲ್ಲ. ಕರೆಂಟಿನ ಮೀಟರ್ ನೋಡಲು ಬಂದವರನ್ನೂ ಕೂರಿಸಿ ಕಾಫಿ ಕೊಡುತ್ತೇನೆ. ಈ ಸ್ವಭಾವದಿಂದ ಕಾಫಿಪುಡಿ ಬೇಗ ಖಾಲಿಯಾಗುತ್ತದೆ ಎನ್ನುವುದು ಬಿಟ್ಟರೆ ಬೇರೆ ತೊಂದರೆಯೇನಿಲ್ಲ ಎಂದುಕೊಂಡಿದ್ದೆ. ಇದರಿಂದ ಒಂದು ಮದುವೆಯೇ ಮುರಿದುಬೀಳಬಹುದು ಎಂದು ಗೊತ್ತಾದದ್ದು ನಮ್ಮ ಕಂಪ್ಯೂಟರಿನ ಲಿನಕ್ಸ್‌ನಲ್ಲಿ ಫೋಲ್ಡರ್ ಹಂಚಿಕೊಳ್ಳುವುದು ಸುಲಭವಾದ ಮೇಲೆ.

ರಾವಂದೂರಿನಲ್ಲಿ ನಮ್ಮದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ರಸ್ತೆಗೆ ಮುಖ ಮಾಡಿದ ಕೋಣೆಯಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂತು ಪತ್ರಿಕೆ ಜೋಡಿಸುತ್ತೇನೆ. ಹಿತ್ತಿಲಲ್ಲಿ ಮಾವನವರು ಹೊಗೆಸೊಪ್ಪು ಬೇಯಿಸಲು ಕಟ್ಟಿಸಿದ ಬ್ಯಾರನ್ ಇದೆ. ನಾವು ಹೊಗೆಸೊಪ್ಪು ಬೆಳೆಯುವುದನ್ನು ಬಿಟ್ಟ ಮೇಲೆ ಅದರೊಳಗೆ ಪ್ರಿಂಟರ್, ಇನ್ನೊಂದು ಕಂಪ್ಯೂಟರ್ ಮತ್ತು ನಮ್ಮ ಯಜಮಾನರು ವಾಸವಾಗಿದ್ದಾರೆ. ಒಳಗಿನ ಬಿಸಿ ಹೊರಗೆ ಹೋಗದಂತೆ ಕಟ್ಟಿದ ಗೋಡೆಯಾದ್ದರಿಂದ ಹೊರಗಿನ ವೈಫೈ ಒಳಗೆ ಹೋಗುವುದಿಲ್ಲ. ಹಾಗಾಗಿ ನೆಟ್‌ವರ್ಕ್ ವೈರು ಎಳೆದು, ಬಟ್ಟೆ ಒಣಹಾಕುವ ಹಗ್ಗಕ್ಕೇ ಸುತ್ತಿದ್ದೇವೆ. ನಮ್ಮತ್ತೆಯವರ ಪಾಲಿಗೆ ಎರಡೂ ಹಗ್ಗವೇ. ನನ್ನ ಮತ್ತು ಯಜಮಾನರ ನಡುವೆ ಹರಿಯುವ ಮಾಹಿತಿಯ ಮೇಲೆ ಸದಾ ಒಂದೆರಡು ಟವೆಲ್ಲು, ಒಂದು ದುಪ್ಪಟಿ ಒಣಗುತ್ತಿರುತ್ತವೆ.

ನಮ್ಮವು ಹಳೆಯ ಕಂಪ್ಯೂಟರುಗಳು, ಬೇರೇನು ಹಾಕಿದರೂ ಏದುಸಿರು ಬಿಡುತ್ತಿದ್ದವು. ಕಂಪ್ಯೂಟರ್ ನಡೆಸುವ ತಂತ್ರಾಂಶಗಳಲ್ಲಿ ಲಿನಕ್ಸ್ ಹಗುರ. ಆದರೆ ಒಂದು ಫೋಲ್ಡರನ್ನು ಈ ಕಂಪ್ಯೂಟರಿನಿಂದ ಆ ಕಂಪ್ಯೂಟರಿಗೆ ಕಾಣಿಸಬೇಕೆಂದರೆ ಹಿಂದೆ ಅದೊಂದು ವ್ರತ. ಸಾಂಬಾ ಎನ್ನುವುದನ್ನು ಹಾಕಿಕೊಳ್ಳಬೇಕು (ಹೆಸರು ಕೇಳಿಯೇ ಅತ್ತೆ ಕೈ ಮುಗಿದರು), ಕಪ್ಪು ಪರದೆ ತೆರೆದು ಅರ್ಥವಾಗದ ಸಾಲುಗಳನ್ನು ಟೈಪ್ ಮಾಡಬೇಕು, ನನ್ನ ಮನೆಯ ನನ್ನ ಫೋಲ್ಡರಿಗೆ ನಾನೇ ಇನ್ನೊಂದು ಪಾಸ್‌ವರ್ಡ್ ಇಡಬೇಕು. ಇಷ್ಟೆಲ್ಲ ಮಾಡಿ ಆ ಕಡೆ ‘ನೆಟ್‌ವರ್ಕ್’ ಎನ್ನುವುದನ್ನು ಒತ್ತಿದರೆ ಬಟಾಬಯಲು. ಬೇಸತ್ತು ಪೆನ್‌ಡ್ರೈವಿಗೆ ತುಂಬಿ, ಯಜಮಾನರ ಉಪ್ಪಿಟ್ಟಿನ ತಟ್ಟೆಯಲ್ಲೇ ಇಟ್ಟು ಕಳಿಸುತ್ತಿದ್ದೆ. ಅದು ಚಟ್ನಿ ಮೆತ್ತಿಕೊಂಡು ವಾಪಸಾಗುತ್ತಿತ್ತು.

ಆಮೇಲೆ ಹೊಸ ಆವೃತ್ತಿ ಬಂತು. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಹಂಚಿಕೊಳ್ಳಿ’ ಎನ್ನುವಲ್ಲಿ ಒಂದು ಟಿಕ್ ಹಾಕಿದರೆ ಮುಗಿಯಿತು. ಬೇಕಾದದ್ದನ್ನೆಲ್ಲ ಅದೇ ತಂದುಕೊಳ್ಳುತ್ತದೆ. ಕೆಳಗೆ ಇನ್ನೆರಡು ಪ್ರಶ್ನೆ ಕೇಳಿತು. ಬೇರೆಯವರು ಇದರಲ್ಲಿ ಬರೆಯಬಹುದೇ, ಅಳಿಸಬಹುದೇ? ಖಾತೆಯಿಲ್ಲದ ಅತಿಥಿಗಳನ್ನು ಒಳಗೆ ಬಿಡಬಹುದೇ?

ಲಿನಕ್ಸ್‌ನ ಕಣ್ಣಿಗೆ ಮನುಷ್ಯರಲ್ಲಿ ಮೂರೇ ಜಾತಿ: ಮಾಲೀಕ, ಗುಂಪು, ಇತರರು. ಒಂದೇ ದೊಡ್ಡ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲದಲ್ಲಿ ಹುಟ್ಟಿದ ಆಲೋಚನೆ ಇದು. ಅವರ ಮಟ್ಟಿಗೆ ಸರಿಯೇ ಇರಬಹುದು. ನಮ್ಮ ಕಡೆ ‘ಇತರರು’ ಎಂದರೆ ಯಾರು? ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಅಪರಿಚಿತನನ್ನು ಯಾವೂರು, ಯಾರ ಮನೆ ಎಂದು ವಿಚಾರಿಸಿದರೆ ಸಾಕು, ಅವನು ಯಾವುದೋ ದಾರಿಯಲ್ಲಿ ಚಿಕ್ಕಪ್ಪನಾಗಿಬಿಡುತ್ತಾನೆ. ಇನ್ನು ಅತಿಥಿಯನ್ನು ಒಳಗೆ ಕರೆದು, ನೋಡಬಹುದು ಆದರೆ ಮುಟ್ಟಬಾರದು ಎನ್ನುವುದುಂಟೇ? ಎಲೆ ಹಾಕಿ, ಬಡಿಸಿ, ಕೈ ಹಿಡಿದುಕೊಂಡಂತೆ. ನಾನು ಎಲ್ಲದಕ್ಕೂ ಟಿಕ್ ಹಾಕಿದೆ.

ಆ ಫೋಲ್ಡರಿಗೆ ಬಂದ ಮೊದಲ ದೊಡ್ಡ ಕೆಲಸವೇ ನಮ್ಮ ನಾದಿನಿಯ ಮಗಳು ಕಾವ್ಯಳ ಲಗ್ನಪತ್ರಿಕೆ. ಸಂಬಂಧ ಹುಡುಕಿದವಳು ನಾನೇ. ಹುಡುಗ ಹುಡುಗಿ ಇಬ್ಬರೂ ಮೆಚ್ಚಿಕೊಂಡಿದ್ದರು. ಕರಡು ನೋಡಲು ವೀರನಹೊಸಹಳ್ಳಿಯಿಂದ ಹುಡುಗಿಯ ತಂದೆ ಮಹದೇವಣ್ಣ ಬಂದರು. ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರದಿಂದ ಹುಡುಗನ ತಂದೆ, ಅಂದರೆ ಬೀಗರು, ಬಂದರು. ಬೀಗರನ್ನು ತಂಪಾದ ಜಾಗದಲ್ಲಿ ಕೂರಿಸಬೇಕೆಂದು ಬ್ಯಾರನ್ನಿಗೆ ಕರೆದೊಯ್ದು, ಯಜಮಾನರು ಅದೇ ಫೈಲನ್ನು ಅಲ್ಲಿಯೂ ತೆರೆದು ತೋರಿಸಿದರು. ಮಹದೇವಣ್ಣ ಮುಂದಿನ ಕೋಣೆಯಲ್ಲಿ ನನ್ನ ಪಕ್ಕ ಕೂತರು.

ಪತ್ರಿಕೆಯ ಕೊನೆಗೆ ‘ಸುಖಾಗಮನ ಬಯಸುವವರು’ ಎಂದು ಹಿರಿಯರ ಹೆಸರು ಬರುತ್ತದಲ್ಲ, ಅಲ್ಲಿ ಮಹದೇವಣ್ಣ ಹೆಗ್ಗಡದೇವನಕೋಟೆಯಲ್ಲಿರುವ ತಮ್ಮ ದೊಡ್ಡಪ್ಪನ ಹೆಸರು ಹಾಕಿಸಿದರು. ನಾನು ಸೇವ್ ಮಾಡಿದೆ. ಅದೇ ಹೊತ್ತಿಗೆ ಬ್ಯಾರನ್ನಿನಲ್ಲಿ ಬೀಗರು ಹುಡುಗನ ಸೋದರಮಾವನ ಹೆಸರು ಹಾಕಿಸಿದರು. ಯಜಮಾನರು ಸೇವ್ ಮಾಡಿದರು. ಫೈಲು ಒಂದೇ, ಕೊನೆಗೆ ಯಾರು ಸೇವ್ ಮಾಡುತ್ತಾರೋ ಅವರದ್ದು ಮಾತ್ರ ಉಳಿಯುತ್ತದೆ. ನಾನು ಇನ್ನೊಮ್ಮೆ ತೆರೆದಾಗ ದೊಡ್ಡಪ್ಪ ಮಾಯವಾಗಿ, ಅವರ ಜಾಗದಲ್ಲಿ ಸೋದರಮಾವ ಕೂತಿದ್ದರು. ಇರಲಿ ಎಂದು ನನ್ನ ಬಳಿಯಿದ್ದ ಹಳೆಯ ಪ್ರತಿಯನ್ನೇ ಮತ್ತೆ ಹಾಕಿದೆ. ಆ ಕಡೆ ಸೋದರಮಾವ ಮಾಯ.

ಇದು ಯಂತ್ರದ ಲೆಕ್ಕಾಚಾರ, ಯಾರ ತಪ್ಪೂ ಅಲ್ಲ ಎಂದು ಮಹದೇವಣ್ಣನಿಗೆ ವಿವರಿಸಿದೆ. ಅವರು ಒಪ್ಪಲಿಲ್ಲ.

“ಕಂಪ್ಯೂಟ್ರಿಗೇನು ನಮ್ಮ ದೊಡ್ಡಪ್ಪನ ಮ್ಯಾಲೆ ದ್ವೇಸವಾ ತಂಗ್ಯವ್ವ? ಯಾರೋ ಅಳ್ಸಿದ್ಕೇ ಅಳ್ಸೋಗದೆ ಕಣವ್ವ.”

ಹಾಗೆಂದು ಎದ್ದುಹೋಗಿ ಕೇಳುವಂತೆಯೂ ಇಲ್ಲ. ಬೀಗರ ಮುಖ ನೋಡಿ ಆಕ್ಷೇಪಿಸುವುದು ನಮ್ಮಲ್ಲಿಲ್ಲ. ಏನಿದ್ದರೂ ನಡುವೆ ಇನ್ನೊಬ್ಬರ ಬಾಯಿ ಬೇಕು. ನಾನು ಎದ್ದರೆ ಮಹದೇವಣ್ಣ ಊರಿಗೆ ಹೊರಟುಬಿಡುವಂತಿದ್ದರು. ಬೀಗರೊಬ್ಬರನ್ನೇ ಕೂರಿಸಿ ಯಜಮಾನರೂ ಏಳುವಂತಿರಲಿಲ್ಲ. ಬ್ಯಾರನ್ನಿನ ಗೋಡೆ ದಾಟಿ ಫೋನೂ ಹೋಗದು. ಆಗ ನನಗೊಂದು ಬುದ್ಧಿ ಹೊಳೆಯಿತು, ಹೊಳೆಯಬಾರದಿತ್ತು. ಹಂಚಿಕೊಂಡ ಜಾಗದೊಳಗೆ ಒಂದು ಹೊಸ ಫೋಲ್ಡರ್ ಮಾಡಿ ಅದಕ್ಕೆ ‘ದೊಡ್ಡಪ್ಪನವರ ಹೆಸರನ್ನು ದಯವಿಟ್ಟು ತೆಗೆಯಬೇಡಿ’ ಎಂದು ಹೆಸರಿಟ್ಟೆ.

ಸ್ವಲ್ಪ ಹೊತ್ತಿಗೆ ಅದರ ಕೆಳಗೆ ಇನ್ನೊಂದು ಫೋಲ್ಡರ್ ಹುಟ್ಟಿತು: ‘ನಾವು ತೆಗೆದಿಲ್ಲ. ಸೋದರಮಾವನನ್ನು ತೆಗೆದವರು ಹೇಳಲಿ.’

ಮಹದೇವಣ್ಣ ಹೇಳಿದರು, ನಾನು ಹೆಸರಿಟ್ಟೆ: ‘ಹಿರಿಯರಿಗೆ ಮರ್ಯಾದೆ ಇಲ್ಲದ ಕಡೆ ನಾವಿರುವುದಿಲ್ಲ.’ ಬೀಗರು ಹೇಳಿದರು, ಯಜಮಾನರು ಹೆಸರಿಟ್ಟರು: ‘ಮರ್ಯಾದೆಯನ್ನು ನಾವೂ ನೋಡಿದ್ದೇವೆ.’ ಫೋಲ್ಡರಿನ ಹೆಸರು ತೀರಾ ಉದ್ದವಾದರೆ ಲಿನಕ್ಸ್ ಒಪ್ಪುವುದಿಲ್ಲವಾದ್ದರಿಂದ ಬೈಗುಳಗಳೆಲ್ಲ ಚುಟುಕಾಗಿದ್ದವು. ಒಳಗೆ ನೋಡಿದರೆ ಒಂದು ಕಡತವಿಲ್ಲ, ಎಲ್ಲವೂ ಖಾಲಿ. ಮದುವೆಯಾದಾಗಿನಿಂದ ನಾನೂ ಯಜಮಾನರೂ ಒಬ್ಬರಿಗೊಬ್ಬರು ಅಷ್ಟು ಬಹುವಚನ ಬಳಸಿದ್ದೇ ಇಲ್ಲ.

ಕೊನೆಗೆ ಬ್ಯಾರನ್ನಿನಿಂದ ‘ಹಾಗಾದರೆ ಛತ್ರ ಬಿಡಿಸಿಬಿಡೋಣ’ ಎನ್ನುವ ಫೋಲ್ಡರ್ ಬಂತು. ಗೊತ್ತುಮಾಡಿದ ಛತ್ರ ಬಿಡಿಸುವುದೆಂದರೆ ಮದುವೆಯೇ ಬೇಡವೆಂದಂತೆ. ಕಾವ್ಯಳ ಮುಖ ಕಣ್ಣ ಮುಂದೆ ಬಂತು. ಆ ಹುಡುಗಿಗೆ ನಾನು ಏನೆಂದು ಹೇಳಲಿ? ಟಿಕ್ ಹಾಕಿದೆ, ಅದಕ್ಕೇ ನಿನ್ನ ಮದುವೆ ನಿಂತಿತು ಎಂದೇ? ಮಾತು ಇಷ್ಟು ದೂರ ಹೋಗುತ್ತದೆ ಎಂದು ಮಹದೇವಣ್ಣನೂ ಎಣಿಸಿರಲಿಲ್ಲ. ತಗ್ಗಿದ ದನಿಯಲ್ಲಿ ‘ಅಷ್ಟಕ್ಕೆಲ್ಲ ಯಾಕೆ’ ಎಂದು ಬರೆಯಲು ಹೇಳಿದರು. ಬರೆದೆ. ಉತ್ತರವಿಲ್ಲ. ಮತ್ತೆ ಮತ್ತೆ ಪರದೆ ರಿಫ್ರೆಶ್ ಮಾಡಿದೆ. ಆ ಕಡೆಯಿಂದ ಒಂದು ಫೋಲ್ಡರೂ ಹುಟ್ಟಲಿಲ್ಲ.

“ಎದ್ದೋಗ್ಬುಟ್ರು ಕಣವ್ವ,” ಎಂದು ಮಹದೇವಣ್ಣ ಹಿತ್ತಿಲಿಗೆ ಓಡಿದರು. ಹಿಂದೆಯೇ ನಾನು.

ಹೊರಗೆ ಹನಿ ಬೀಳುತ್ತಿತ್ತು. ಅತ್ತೆ ತಬ್ಬಿಕೊಂಡ ಬಟ್ಟೆಗಳ ನಡುವಿನಿಂದ ವೈರಿನ ತುದಿ ನೇತಾಡುತ್ತಿತ್ತು. ದುಪ್ಪಟಿ ಎಳೆಯುವಾಗ ಅದೂ ಕಿತ್ತು ಬಂದಿತ್ತು. ಎದುರಿಗೆ ಬ್ಯಾರನ್ನಿನಿಂದ ಬೀಗರು ಚಪ್ಪಲಿಯೂ ಇಲ್ಲದೆ ಓಡಿಬರುತ್ತಿದ್ದರು. ನಾವೇ ಬೇಸರ ಮಾಡಿಕೊಂಡು ಹೊರಟುಹೋದೆವೆಂದು ಅವರ ಗಾಬರಿ. ಖಾಲಿ ಹಗ್ಗದ ಕೆಳಗೆ ಇಬ್ಬರೂ ಮುಖಾಮುಖಿ ನಿಂತರು.

“ದೊಡ್ಡಪ್ಪೋರ ಹೆಸ್ರೇ ಮೊದ್ಲು ಬರ್ಲಿ ಬುಡಿ, ವಯಸ್ಸಾದೋರು,” ಎಂದರು ಬೀಗರು.

“ಎಲ್ಲಾದ್ರೂ ಉಂಟಾ, ಸೋದ್ರಮಾವ್ನ ಬುಟ್ಟು ಮದ್ವೆ ಆಯ್ತದಾ?” ಎಂದರು ಮಹದೇವಣ್ಣ.

ಯಾರ ಹೆಸರು ಮೊದಲು ಎಂದು ಹೊಸ ಜಗಳ ಶುರುವಾಯಿತು, ಈ ಸಲ ಇಬ್ಬರೂ ಸೋಲಲು. ಬಟ್ಟೆ ಹಿಡಿದು ನೆನೆಯುತ್ತಿದ್ದ ಅತ್ತೆ ಇವರಿಗೇನು ಬಂತೆಂದು ನೋಡುತ್ತಿದ್ದರು. ಎರಡೂ ಹೆಸರು ಅಕ್ಕಪಕ್ಕ ಅಚ್ಚಾದವು, ಮದುವೆಯೂ ಆಯಿತು.

ಮೊನ್ನೆ ಆ ಖಾಲಿ ಫೋಲ್ಡರುಗಳನ್ನು ಅಳಿಸಲು ಹೋದೆ. ಛತ್ರ ಬಿಡಿಸಿಬಿಡೋಣ ಎಂದವರು ಯಾರು ಎಂದು ಆಗಲೇ ಯಜಮಾನರನ್ನು ಕೇಳಿದ್ದೆ. ಬೀಗರು ಬಾಯಿಮಾತಿಗೆ ಅಂದರು, ತಾನು ಬೆರಳಿಗೆ ಬಂದಂತೆ ಒತ್ತಿದೆ ಎಂದಿದ್ದರು. ಲಿನಕ್ಸ್ ಏನನ್ನುತ್ತದೋ ನೋಡೋಣವೆಂದು ವಿವರ ತೆರೆದೆ. ಬ್ಯಾರನ್ನಿನಿಂದ ಬಂದ ಪ್ರತಿಯೊಂದಕ್ಕೂ ಮಾಲೀಕ ಎಂಬಲ್ಲಿ ‘ನೋಬಡಿ’ ಎಂದಿತ್ತು. ನನ್ನ ಕಂಪ್ಯೂಟರಿನಲ್ಲಿ ಯಜಮಾನರಿಗೆ ಖಾತೆಯಿಲ್ಲ, ಹಾಗೆ ಅತಿಥಿಯಾಗಿ ಬಂದು ಬರೆದುಹೋದವರಿಗೆ ಅದು ಇಡುವ ಹೆಸರೇ ಅದು, ಯಾರೂ ಅಲ್ಲ. ಲಿನಕ್ಸಿನದು ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ. ಆಮೇಲೆ ನಮ್ಮ ಕಡೆಯಿಂದ ಹೋದ ಮಾತುಗಳನ್ನು ನೋಡಿದೆ. ಒಂದೊಂದರ ಮಾಲೀಕಳೂ ನಾನೇ.

ಯಜಮಾನರು ಬಗ್ಗಿ ಪರದೆ ನೋಡಿದರು. “ಇದ್ರ ಪ್ರಕಾರ ಯಾರೂ ಇಲ್ದೆ ನೀನೊಬ್ಳೇ ಜಗಳ ಆಡಿದ್ದೀಯ ಕಣೇ,” ಎಂದರು.

ಅತಿಥಿಗಳ ಟಿಕ್ ಹಾಗೇ ಇಟ್ಟಿದ್ದೇನೆ. ಫೋಲ್ಡರುಗಳಲ್ಲಿ ನನ್ನವನ್ನು ಮಾತ್ರ ಅಳಿಸಿದೆ.