ನನ್ನ ಸೊಸೆ ಮಾಡಿಸಿದ ಹೆರಿಗೆ

ನನ್ನ ಸೊಸೆ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿ ಬಂದಾಗಲೇ ನರ್ಸಾಗಿದ್ದಳು, ಹಾಗಾಗಿ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಎರಡು ಮಕ್ಕಳಾಗಿ, ತಲೆಯಲ್ಲಿ ನರೆ ಕಾಣಿಸಿಕೊಂಡ ಮೇಲೆ, ಹೆರಿಗೆ ಮಾಡಿಸುವುದನ್ನೇ ಕಲಿಯಲು ಒಂದೂವರೆ ವರ್ಷ ಟ್ರೇನಿಂಗಿಗೆ ಹೋಗುತ್ತೇನೆ ಎಂದಳು. ನನಗೆ ನಗು ಬಂತು.

“ಗೂಳೂರಲ್ಲಿ ನನ್ ಸೋದರತ್ತೆ ಒಂದಕ್ಷರ ಕಲೀದೆ ಊರಿಗೆಲ್ಲಾ ಹೆರಿಗೆ ಮಾಡಿಸ್ತಿದ್ಲು. ನೀನು ಇಷ್ಟೆಲ್ಲಾ ಓದ್ಬುಟ್ಟು ಸೂಲಗಿತ್ತಿ ಆಗೋಕೆ ಹೊರಟಿದ್ಯಲ್ಲಮ್ಮ!”

“ಹೂಂ ಅತ್ತೆ, ಓದಿರೋ ಸೂಲಗಿತ್ತಿ” ಎಂದು ಬ್ಯಾಗು ತುಂಬಿಕೊಂಡು ಹೊರಟಳು.

ಒಂದೂವರೆ ವರ್ಷ ನಾನು ಗುಬ್ಬಿಯ ಮನೆ ಬಿಟ್ಟು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಅವಳ ಮಕ್ಕಳಿಗೆ ಬೇಯಿಸಿ ಹಾಕಿದೆ. ದಿನಾ ಗೊಣಗಿದ್ದೇನೆ. ಅದನ್ನೂ ಬರೆದುಬಿಡುತ್ತೇನೆ, ಮುಚ್ಚಿಡುವುದೇನಿದೆ.

ಅವಳು ವಾಪಸು ಬಂದ ಮೇಲೆ ಆಸ್ಪತ್ರೆಯಲ್ಲಿ ಹೆರಿಗೆಗೆಂದೇ ಬೇರೆ ವಿಭಾಗ ಶುರುವಾಯಿತು. ತೊಡಕಿಲ್ಲದ ಬಸುರಿಯರನ್ನು ಅಲ್ಲಿ ನೋಡಿಕೊಳ್ಳುವುದು ಇವಳಂಥ ಸಿಸ್ಟರುಗಳೇ. ಡಾಕ್ಟರು ಪಕ್ಕದ ವಾರ್ಡಿನಲ್ಲಿರುತ್ತಾರೆ, ಕರೆದರೆ ಬರುತ್ತಾರೆ. ಹಿಂದೆಲ್ಲ ಎಲ್ಲಿ ಹೋದರೂ ಹೆಂಗಸನ್ನು ಟೇಬಲ್ಲಿನ ಮೇಲೆ ಅಂಗಾತ ಮಲಗಿಸಿ, ಮನೆಯವರನ್ನು ಆಚೆ ನಿಲ್ಲಿಸಿ ಬಾಗಿಲು ಹಾಕುತ್ತಿದ್ದರು. ಇಲ್ಲಿ ಹಾಗಿಲ್ಲ. ಒಬ್ಬೊಬ್ಬರಿಗೂ ಒಂದು ರೂಮು, ನೆಲದ ಮೇಲೆ ಮೆತ್ತನೆಯ ಹಾಸು, ಕೂತು ತೂಗಾಡಲು ಒಂದು ದೊಡ್ಡ ರಬ್ಬರ್ ಚೆಂಡು. ಮನೆಯ ಹೆಂಗಸು ಒಬ್ಬಳು ಕೊನೆಯವರೆಗೂ ಒಳಗೇ ಇರಬಹುದು.

ನನ್ನ ಕಿರಿಯ ಮಗಳನ್ನು ಕುಣಿಗಲ್ಲಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆ ಗುಬ್ಬಿಗೆ ನನ್ನಲ್ಲಿಗೆ ಬಂದವಳು, “ನಂಗೆ ಅತ್ತಿಗೇನೇ ಬೇಕು” ಎಂದು ಹಟ ಹಿಡಿದಳು. ಅವಳ ಅತ್ತೆಗೆ, ಅಂದರೆ ನಮ್ಮ ಬೀಗಿತ್ತಿಗೆ, ಇದು ಸರಿಬರಲಿಲ್ಲ.

“ಅಕ್ಕಾ, ತುಮ್ಕೂರಲ್ಲೇ ಶಿರಾ ಗೇಟ್ ಹತ್ರ ಒಳ್ಳೆ ನರ್ಸಿಂಗ್ ಹೋಮ್ ಐತೆ. ಲೇಡಿ ಡಾಕ್ಟ್ರೇ ಮಾಡಿಸ್ತಾರೆ. ನರ್ಸಮ್ಮನ ಕೈಗೆ ಯಾಕೆ ಕೊಡೋದು?”

“ಆ ನರ್ಸಮ್ಮ ನನ್ ಸೊಸೆ ಕಣಮ್ಮ” ಎಂದೆ. ಎಂದೆನೇ ಹೊರತು ನನಗೂ ಒಳಗೊಳಗೆ ಪುಕಪುಕ. ಹೆಚ್ಚುಕಡಿಮೆಯಾದರೆ ಮಗಳೂ ಹೋದಳು, ಸೊಸೆಯೂ ಆ ಆಸ್ಪತ್ರೆಯಲ್ಲಿ ತಲೆಯೆತ್ತುವ ಹಾಗಿಲ್ಲ.

ನೋವು ಬೆಳಗಿನ ತಿಂಡಿ ಹೊತ್ತಿಗೆ ಶುರುವಾಯಿತು. ಕಾರು ಮಾಡಿಕೊಂಡು ತುಮಕೂರು ಸೇರಿದೆವು. ಅತ್ತ ಕುಣಿಗಲ್ಲಿಂದ ಬೀಗಿತ್ತಿಯೂ ಅಳಿಯನೂ ತಮ್ಮ ಕಾರಿನಲ್ಲಿ ಬಂದರು. ಸೊಸೆ ಮಗಳನ್ನು ಪರೀಕ್ಷೆ ಮಾಡಿ, ರಾಗಿ ಗಂಜಿ ಕುಡಿಸಿ, ಕಾರಿಡಾರಿನಲ್ಲಿ ಓಡಾಡು ಎಂದಳು. ಮಗಳು ಸೊಂಟಕ್ಕೆ ಕೈ ಕೊಟ್ಟುಕೊಂಡು ಆ ತುದಿಗೂ ಈ ತುದಿಗೂ ನಡೆದಳು.

ಬೀಗಿತ್ತಿ ಬೆಂಚಿನಿಂದಲೇ, “ಏನಿದು, ಬಸ್ಸಿಗೆ ಕಾಯೋರ ಥರ ಅಡ್ಡಾಡಿಸ್ತಾವ್ರೆ! ಡಾಕ್ಟ್ರೆಲ್ಲಿ?” ಎಂದಳು. ಮಧ್ಯಾಹ್ನವಾದರೂ ಮಗು ಬರುವ ಸೂಚನೆ ಕಾಣದಿದ್ದಾಗ ಎದ್ದು ನಿಂತಳು. “ಕಾರ್ ತಗೊಳ್ಲಾ, ಶಿರಾ ಗೇಟಿಗೆ ಹೋಗ್ಬುಡಾನ” ಎಂದು ಮಗನಿಗೆ ಹೇಳಿದಳು.

ಅಳಿಯ ಕೀ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ. ನಾನು ಸೊಸೆಯ ಮುಖ ನೋಡಿದೆ. ಅವಳು ಸಿಟ್ಟಾಗಲಿಲ್ಲ. ಅಳಿಯನನ್ನು ಒಳಗೆ ಕರೆದು, ಮಗುವಿನ ಎದೆಬಡಿತವನ್ನು ಮಿಷನ್ನಿನಲ್ಲಿ ಕೇಳಿಸಿದಳು.

“ಇದು ಇಳಿದ್ರೆ, ರಕ್ತ ಹೋದ್ರೆ, ನೋವು ನಿಂತ್ರೆ, ನೀವು ಹೇಳೋಕ್ ಮುಂಚೆ ನಾನೇ ಡಾಕ್ಟ್ರನ್ನ ಕರೀತೀನಿ. ಈಗ ಎಲ್ಲಾ ಸರಿಯಾಗಿದೆ. ಚೊಚ್ಚಲು, ಹೊತ್ತು ಹಿಡಿಯುತ್ತೆ. ಕರ್ಕೊಂಡ್ ಹೋಗ್ತೀನಿ ಅಂದ್ರೆ ನಾನು ತಡೆಯಲ್ಲ.”

ಅಳಿಯ ಕೀಯನ್ನು ಜೇಬಿಗೆ ಹಾಕಿಕೊಂಡ. “ಅಮ್ಮ, ಕೂತ್ಕೋ” ಎಂದ. ಅವಳು ಕೂತಳು, ಮುಖ ಮಾತ್ರ ಗೋಡೆಯ ಕಡೆಗೆ.

ಮಗಳ ಜೊತೆ ಒಳಗಿದ್ದವಳು ನಾನು. ಮಧ್ಯಾಹ್ನ ತಿರುಗಿದ ಮೇಲೆ ನೋವು ಜೋರಾಯಿತು. ಅವಳು ಒಂದು ಸಲ ಕಿರುಚಿದ್ದೇ ತಡ, ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

“ಮುಕ್ಕೇ! ಉಸಿರು ಬಿಡ್ಬೇಡ, ಮುಕ್ಕು, ಇನ್ನೂ ಮುಕ್ಕು!”

“ಅತ್ತೆ, ಬಾಯ್ ಮುಚ್ಕೊಳ್ಳಿ” ಎಂದಳು ಸೊಸೆ. “ದಾರಿ ಇನ್ನೂ ಪೂರ್ತಿ ಬಿಟ್ಟಿಲ್ಲ. ಈಗ್ಲೇ ಮುಕ್ಕಿಸಿದ್ರೆ ಸುಸ್ತಾಗ್ತಾಳೆ. ಸುಮ್ನಿರಕ್ಕೆ ಆಗಲ್ಲ ಅಂದ್ರೆ ಆಚೆ ಹೋಗಿ.”

ಮದುವೆಯಾಗಿ ಬಂದಾಗಿನಿಂದ ಅವಳು ನನ್ನೆದುರು ದನಿಯೆತ್ತಿದವಳಲ್ಲ. ಆವತ್ತೂ ಎತ್ತಲಿಲ್ಲ, ತಣ್ಣಗೇ ಹೇಳಿದಳು. ಬೇರೆ ದಿನವಾಗಿದ್ದರೆ ನಾನು ನಾಲ್ಕು ಮಾತು ಆಡದೆ ಬಿಡುತ್ತಿರಲಿಲ್ಲ. ಆಡಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ನನಗೆ ಮೈಯಲ್ಲೇ ಗೊತ್ತಿತ್ತು. ನನ್ನ ಮೊದಲ ಹೆರಿಗೆಯಲ್ಲಿ ನಾಲ್ವರು ಹೆಂಗಸರು ಸುತ್ತ ನಿಂತು ಬೆಳಗಿನಿಂದ ಮುಕ್ಕು ಮುಕ್ಕು ಎಂದು ಕೂಗಿದ್ದರು. ನಮ್ಮಲ್ಲಿ ಹಾಗೇ. ಕೂಗದವಳಿಗೆ ಕರುಣೆಯಿಲ್ಲ ಎಂದು ಲೆಕ್ಕ. ನಿಜವಾಗಿ ಮುಕ್ಕಬೇಕಾದ ಹೊತ್ತಿಗೆ ನನ್ನಲ್ಲಿ ಕೈ ಎತ್ತುವ ಶಕ್ತಿಯೂ ಇರಲಿಲ್ಲ. ಆ ಮಗು ಉಳಿಯಲಿಲ್ಲ. ಅವರು ಕೆಟ್ಟವರಲ್ಲ, ಗೊತ್ತಿರಲಿಲ್ಲ, ಅಷ್ಟೇ. ಆ ಕೂಗನ್ನೇ ನಾನು ಮಗಳ ಕಿವಿಗೂ ಹಾಕಲು ಹೊರಟಿದ್ದೆ.

“ಏನ್ ಮಾಡ್ಲಿ ಹೇಳು” ಎಂದೆ.

“ಸೊಂಟದ ಕೆಳಗೆ ಮುಷ್ಟಿಯಿಂದ ಒತ್ತಿ. ಇಲ್ಲಿ. ಇನ್ನೂ ಗಟ್ಟಿಯಾಗಿ, ಚಪಾತಿ ಹಿಟ್ಟು ನಾದ್ತೀರಲ್ಲ ಹಂಗೆ.”

ಒತ್ತಿದೆ. ಮಗಳು ಚೆಂಡಿನ ಮೇಲೆ ತಲೆಯಿಟ್ಟು ಮಂಡಿಯೂರಿದ್ದಳು. ಸೊಸೆ ಅವಳ ಕಿವಿಯ ಹತ್ತಿರ ಬಗ್ಗಿ, ಉಸಿರು ಬಿಡು, ಊದು, ಊದು ಎನ್ನುತ್ತಿದ್ದಳು. ಒಂದೊಂದು ನೋವು ಮುಗಿದಾಗಲೂ ಎದೆಬಡಿತ ಕೇಳುವಳು, ಗೀಚಿಕೊಳ್ಳುವಳು. ಅವಸರವೇ ಇಲ್ಲ. ಕಡೆಗೊಮ್ಮೆ, “ಈಗ ನಿನಗೆ ಹೆಂಗ್ ಅನ್ಸುತ್ತೋ ಹಂಗೆ ಮಾಡಮ್ಮ” ಎಂದಳು. ಯಾರೂ ಕೂಗಲಿಲ್ಲ. ಮಗಳೇ ಮುಕ್ಕಿದಳು. ಕತ್ತರಿ ಹಾಕದೆ, ಹೊಲಿಗೆ ಬೀಳದೆ ಹೆಣ್ಣುಮಗು ಸೊಸೆಯ ಕೈಗೆ ಜಾರಿತು. ಒರೆಸಿ ತಾಯಿಯ ಎದೆಯ ಮೇಲಿಟ್ಟಳು. ಹೊಕ್ಕುಳಬಳ್ಳಿ ಬಡಿಯುವುದು ನಿಂತ ಮೇಲೆಯೇ ಕತ್ತರಿಸಿದ್ದು. ಡಾಕ್ಟರು ಬಂದು ಬಾಗಿಲಲ್ಲಿ ನಿಂತು ನೋಡಿ, “ಚೆನ್ನಾಗಾಯ್ತು ಸಿಸ್ಟರ್” ಎಂದು ಹೋದರು.

ಸಂಜೆ ಬೀಗಿತ್ತಿ ಒಳಗೆ ಬಂದು ಮಗುವನ್ನು ಎತ್ತಿಕೊಂಡಳು. “ಮೂಗು ನಮ್ ಕಡೇದು” ಎಂದಳು. ಇರಲಿ ಎಂದು ಬಿಟ್ಟೆ. ಮಂಚದ ಕಾಲ ಬಳಿ ಆಸ್ಪತ್ರೆಯ ಕಾಗದವೊಂದನ್ನು ಸಿಕ್ಕಿಸಿದ್ದರು. ನಾನು ಓದಿದ್ದು ಮೂರನೇ ಕ್ಲಾಸು, ಅಕ್ಷರ ಕೂಡಿಸಿ ಓದಬಲ್ಲೆ. ಅಷ್ಟು ಹೊತ್ತಿಗೆ ಅದನ್ನು ಓದಿಯೂ ಆಗಿತ್ತು. ಆದರೂ ಬೀಗಿತ್ತಿಯ ಕೈಗೆ ಕೊಟ್ಟು, “ಕನ್ನಡಕ ಬಿಟ್ಟು ಬಂದಿವ್ನಿ, ಏನ್ ಬರ್ದವ್ರೆ ನೋಡ್ ಹೇಳಮ್ಮ” ಎಂದೆ.

ಅವಳು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ತೂಕ, ಹೊತ್ತು ಎಲ್ಲ ಓದಿದಳು. ಹೆರಿಗೆ ಮಾಡಿಸಿದವರು ಎಂಬಲ್ಲಿಗೆ ಬಂದಾಗ ದನಿ ತಗ್ಗಿತು. ಬಾಯೊಳಗೇ ನನ್ನ ಸೊಸೆಯ ಹೆಸರು ಓದಿದಳು.

“ಕೇಳ್ಸಲಿಲ್ಲ” ಎಂದೆ.

ಜೋರಾಗಿ ಓದಿದಳು.