ಗೋಡೆಯಿಲ್ಲದ ಅಡಿಗೆಮನೆ

ಬೇರೆ ಹೆಂಗಸರು ಕೀಲಿಕೈ ಗೊಂಚಲು ಸಿಕ್ಕಿಸಿಕೊಳ್ಳುವ ಸೊಂಟದಲ್ಲಿ ಬಾಯಾರು ಅಳತೆಯ ಟೇಪು ಸಿಕ್ಕಿಸಿಕೊಳ್ಳುತ್ತಿದ್ದರು. ಉಕ್ಕಿನದು, ಅಂಚು ಸವೆದದ್ದು. ಮಾತಿನ ನಡುವೆ ಸರ್ರನೆ ಎಳೆದು ನಾನು ಕುಳಿತ ಕುರ್ಚಿಯನ್ನೇ ಅಳೆದುಬಿಡುತ್ತಿದ್ದರು.

ಹೂಲಿಯ ಪುರೋಹಿತರ ಮನೆತನದ ಹೆಣ್ಣುಮಗಳು; ಊರೆಲ್ಲ ಬಾಯಾರು ಎಂದೇ ಕರೆಯುತ್ತಿತ್ತು. ಪುಣೆಯಲ್ಲಿ ಆರ್ಕಿಟೆಕ್ಟ್ ಆಗಿ ದುಡಿದು, ಮದುವೆಯ ಗೋಜಿಗೆ ಹೋಗದೆ, ನಿವೃತ್ತಿಗೆ ಬೈಲಹೊಂಗಲಕ್ಕೆ ಬಂದರು. ಊರ ಹೊರಗೊಂದು ಹಳೆಯ ಕಾಂಕ್ರೀಟ್ ವಸಾಹತು ಇದೆ. ಕಮಾನಿಲ್ಲ, ಚಿತ್ತಾರವಿಲ್ಲ, ಬೆಂಕಿಪೆಟ್ಟಿಗೆ ಪೇರಿಸಿಟ್ಟ ಹಾಗೆ. ನಮಗೆಲ್ಲ ಗೋದಾಮಿನಂತೆ ಕಂಡದ್ದು ಅವರಿಗೆ ಚಂದ ಕಂಡಿತು. ಮೂರನೇ ಮಹಡಿಯಲ್ಲಿ ಅಕ್ಕಪಕ್ಕದ ಎರಡು ಮನೆ ಕೊಂಡು, ನಡುಗೋಡೆ ಒಡೆಸಿ ಒಂದು ಮಾಡಿದರು. ಅಡಿಗೆಮನೆಗೂ ಪಡಸಾಲೆಗೂ ನಡುವೆ ಗೋಡೆಯನ್ನೇ ಉಳಿಸಲಿಲ್ಲ; ಉದ್ದನೆಯ ಕಡಪಾ ಕಲ್ಲಿನ ಕಟ್ಟೆ, ಅಷ್ಟೆ.

ಮುಂದೆ ಮೊಣಕಾಲು ಕೈಕೊಟ್ಟವು. ಲಿಫ್ಟ್ ಇಲ್ಲ. ಅದೇ ಸಾಲಿನಲ್ಲಿ ನೆಲಮಹಡಿಯ ಮನೆಯೊಂದು ಖಾಲಿಯಿತ್ತು. ಮೇಲಿನದು ಮಾರಿದರೆ ಅದನ್ನು ಕೊಳ್ಳಬಹುದು. ಮಾರುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಸಂಪಗಾಂವದವನು. ಎತ್ತಿನ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತ ದಲಾಲಿ ಕಲಿತೆ. ಮನೆ, ಪ್ಲಾಟು ಆಮೇಲೆ ಬಂದವು. ಎತ್ತು ನೋಡಲು ಗಂಡಸರು ಬರುತ್ತಾರೆ. ಮನೆ ನೋಡಲಿಕ್ಕೂ ಗಂಡಸರನ್ನೇ ಕರೆದೊಯ್ದೆ. ನಮ್ಮ ಕಡೆ ಹೆಂಗಸರು ಬರುವುದು ವ್ಯವಹಾರ ಮುಗಿದ ಮೇಲೆ, ಹಾಲು ಉಕ್ಕಿಸಲಿಕ್ಕೆ. ಬಂದವರೆಲ್ಲ ಆ ಕಟ್ಟೆಯ ಮುಂದೆ ನಿಂತು ಒಂದೇ ರಾಗ: "ಅಡಗಿಮನಿಗಿ ಬಾಗಲಾನ ಇಲ್ಲಲ್ರೀ! ಬಂದ ಬೀಗರಿಗೆ ಮುಸುರಿ ಭಾಂಡಿ ತೋರಸೂದೇನ?"

"ಬಾಯಾರ, ಒಂದ ಪ್ಲೈವುಡ್ ಗೋಡಿ ನಿಲ್ಲಸೂಣ್ರಿ. ತಿಂಗಳದಾಗ ಮಾರಿ ಕೊಡತೇನಿ," ಎಂದೆ.

"ಜನ್ಮಪೂರ್ತಿ ಗೋಡಿ ತಗಿಯೂದು ಕಲತೀನಿ. ಈಗ ನಿಲ್ಲಸೂದು ಎತ್ತಿನ ದಲಾಲಿ ಕಡೆ ಕಲೀಬೇಕೇನೋ?"

ಹೀಗೇ ಮೂರು ವರ್ಷ. ಮೊದಲು ದಿನಾ ಕೆಳಗಿಳಿಯುತ್ತಿದ್ದವರು ಆಮೇಲೆ ವಾರಕ್ಕೊಮ್ಮೆ ಇಳಿದರು. ಕೊನೆಗೆ ಕಾಯಿಪಲ್ಯೆಗೆ ಹಗ್ಗದಲ್ಲಿ ಬುಟ್ಟಿ ಇಳಿಬಿಡತೊಡಗಿದರು.

ಒಂದು ದಿನ ನೇಸರಗಿಯ ಬೆಲ್ಲದ ವ್ಯಾಪಾರಿಯೊಬ್ಬರನ್ನು ಕರೆದೊಯ್ದೆ. ಅವರೂ ಮುಸುರೆಯ ಮಾತೆತ್ತಿದರು. ಬಾಯಾರು ನನ್ನ ಕಡೆ ತಿರುಗಿ, "ಇಷ್ಟು ಮಂದೀನ್ನ ಕರಕೊಂಡು ಬಂದೀಯಲ್ಲ, ಇವರೊಳಗ ಒಬ್ಬರರೆ ಅಡಿಗಿ ಮಾಡವರಿದ್ದರೇನೋ?" ಎಂದರು. ಆಮೇಲೆ ವ್ಯಾಪಾರಿಯತ್ತ ತಿರುಗಿದರು: "ಸಾವಕಾರ್ರ, ನಾಳೆ ನಿಮ್ಮ ಮನಿಯವರನ್ನ ಕರಕೊಂಡು ಬರ್ರಿ."

ಮರುದಿನ ಸಾಹುಕಾರರ ಹೆಂಡತಿ ಬಂದವರೇ ಸೀದಾ ಕಟ್ಟೆಯ ಹಿಂದೆ ಹೋಗಿ ನಿಂತರು. ಪಡಸಾಲೆಯಲ್ಲಿ ನಾನೂ ಸಾಹುಕಾರರೂ ತಗ್ಗಿದ ದನಿಯಲ್ಲಿ ದರದ ಮಾತು ನಡೆಸಿದ್ದೆವು.

"ನೀವ ಮಾತಾಡೂದೆಲ್ಲಾ ಇಲ್ಲಿ ಕೇಳಸ್ತೈತ್ರಿ," ಎಂದರು ಆಕೆ.

"ನೋಡ್ರಿ, ಇದ ತ್ರಾಸ," ಎಂದರು ಸಾಹುಕಾರರು ನನಗೆ.

"ತ್ರಾಸ ಏನ್ ಬಂತ್ರಿ? ದೊಡ್ಡ ಮಗಳ ನಿಶ್ಚೆ ಮಾತು ಹೊರಗ ನಡದಾಗ ನಾ ಒಳಗ ರೊಟ್ಟಿ ಬಡ್ಯಾಕ್ಹತ್ತಿದ್ನಿ. ಹುಡುಗ ಯಾವೂರಾಂವ ಅನ್ನೂದು ನನಗ ಊಟ ಮುಗದು ಎಲಿ ಎತ್ತಿದ ಮ್ಯಾಲ ಗೊತ್ತಾತು. ಸಣ್ಣಾಕಿ ಮಾತು ನಾ ಇಲ್ಲೇ ನಿಂತ ಕೇಳಾಕಿ."

ಸಾಹುಕಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಬಾಯಾರು ಟೇಪು ಎಳೆದು ನೆಲದಿಂದ ಆಕೆಯ ಮೊಣಕೈವರೆಗೆ ಅಳೆದರು, ಕಟ್ಟೆಯ ಎತ್ತರ ಅಳೆದರು. "ನಿಮಗ ಒಂದ ಇಂಚು ಎತ್ತರಾಗತದ. ಮೊದಲ ಹೇಳಿಬಿಡತೀನಿ."

ನಾನು ಹಲ್ಲು ಕಚ್ಚಿದೆ. ಗಿರಾಕಿಗೆ ಕೊರತೆ ಹೇಳುವುದು ನಮ್ಮ ಧಂದೆಯಲ್ಲಿ ಪಾಪ. ಆಕೆ ನಕ್ಕು, "ಕಾಲ ಕೆಳಗ ಮಣಿ ಹಾಕ್ಕೊಂಡು ನಿಂದ್ರತೇನಿ ತಗೋರಿ," ಎಂದರು. ವ್ಯವಹಾರ ಅಲ್ಲಿಗೆ ಮುಗಿಯಿತು.

ಬಾಯಾರು ನೆಲಮಹಡಿಗೆ ಬಂದರು. ಸಂಜೆ ಕೋಲೂರಿಕೊಂಡು ವಸಾಹತಿನ ತುದಿಯವರೆಗೆ ಹೋಗಿ, ಕಂಡವರ ಮನೆಯ ಕಿಟಕಿಗೆಲ್ಲ ತಪ್ಪು ಹುಡುಕಿ ಬರುತ್ತಿದ್ದರು. ಕೆಳಗೆ ಬಂದ ಎಂಟನೆಯ ತಿಂಗಳಿಗೆ ಹೃದಯ ನಿಂತಿತು.

ಈ ಧಂದೆಗೆ ಹೊಸದಾಗಿ ಬಂದವರು ಕೇಳಿದರೆ, ಮನೆಯನ್ನು ಮೊದಲು ಮನೆಯಾಕೆಗೆ ತೋರಿಸಿರಿ ಎನ್ನುತ್ತೇನೆ. ಅದನ್ನು ಅವರು ನನ್ನ ಜಾಣತನ ಎಂದುಕೊಳ್ಳುತ್ತಾರೆ. ಆ ಜಾಣತನ ನನಗೆ ಮೊದಲ ವಾರವೇ ಬಂದಿದ್ದರೆ, ಬಾಯಾರು ಆ ಮೂರು ವರ್ಷವೂ ನೆಲದ ಮೇಲೆ ನಡೆದಾಡುತ್ತಿದ್ದರು.