ಕತ್ತೆಯ ಮೇಲೆ ಕೂತ ತಾಯಿ

ಕಣ್ಣಿನ ಪೊರೆ ತೆಗೆಸಿದ್ದೇ ತಪ್ಪಾಯಿತು ಎಂದು ಶಿವಾಜಿನಗರದ ನೂರುನ್ನೀಸಾಗೆ ಅನ್ನಿಸಿದ್ದು ಪಟ್ಟಿ ಬಿಚ್ಚಿದ ಮರುದಿನ. ಬುರ್ಖಾ ಹೊಲಿದು ಹೊಲಿದು ಕಣ್ಣು ಮಂಜಾಗಿಸಿಕೊಂಡವಳು ಆಕೆ. ಐದು ಹೊತ್ತಿನ ನಮಾಜಿನಲ್ಲಿ ಒಂದನ್ನೂ ಬಿಟ್ಟವಳಲ್ಲ. ಮಗಳ ಮದುವೆಯ ದಿನವೂ ಬಿರಿಯಾನಿಯ ದೇಗ ಇಳಿಸಿಟ್ಟು ನಮಾಜಿಗೆ ನಿಂತವಳು.

ಅವಳು ನಮಾಜು ಮಾಡುವ ಕೋಣೆಯಲ್ಲಿ, ಮಕ್ಕಾ ದಿಕ್ಕಿನ ಗೋಡೆಯ ಮೇಲೇ ಒಂದು ದೊಡ್ಡ ಚಿತ್ರವಿತ್ತು. ರಿಚರ್ಡ್ಸ್ ಟೌನಿನ ಬಂಗಲೆಯೊಂದರ ಹಳೇ ಸಾಮಾನು ಮಾರುವಾಗ ಗಂಡ ಗಯಾಜ್ ಹೊತ್ತು ತಂದದ್ದು; ಆಗಲೇ ಅವಳ ಕಣ್ಣು ಮಂಜು. ಗಂಡ ತೀರಿಕೊಂಡ, ಚಿತ್ರ ಉಳಿಯಿತು. ವಿಲಾಯತಿ ಬೆಟ್ಟ, ಕಾಡು, ಹೊಳೆ, ಕೆಳಗೆ ಒಂದು ಪೊದೆ.

ಆ ದಿನ ಧೂಳು ಒರೆಸಲು ಹೋದರೆ, ಪೊದೆಯೆಲ್ಲಿ ಬಂತು? ಅದು ಕತ್ತೆ! ಮೇಲೆ ನೀಲಿ ಮುಸುಕಿನ ಹೆಂಗಸು, ಮಡಿಲಲ್ಲಿ ಕೂಸು, ಪಕ್ಕದಲ್ಲಿ ಕೋಲು ಹಿಡಿದ ಮುದುಕ. ನಮಾಜಿನ ಎದುರು ಮನುಷ್ಯರ ಚಿತ್ರ ಇರಬಾರದೆಂದು ಚಿಕ್ಕ ಮಕ್ಕಳಿಗೂ ಗೊತ್ತು.

ಕಾನ್ವೆಂಟಿನಲ್ಲಿ ಓದಿದ ಪಕ್ಕದ ಮನೆ ಭಾಗ್ಯಲಕ್ಷ್ಮಿ ನೋಡಿದವಳೇ ಹೇಳಿದಳು: "ಮೇರಿಯಮ್ಮ ಕಣ್ರೀ. ರಾಜ ಮಗೂನ ಕೊಲ್ಲಿಸ್ತಾನೆ ಅಂತ ಈಜಿಪ್ಟಿಗೆ ಓಡ್ತಾ ಇದಾರೆ."

"ಅಂದ್ರೆ ನಮ್ ಕುರಾನ್‌ನಲ್ಲಿ ಬರೋ ಬೀಬಿ ಮರಿಯಮ್ ಅವರಾ?"

ನೂರುನ್ನೀಸಾ ಧೂಳಿನ ಬಟ್ಟೆ ಕೆಳಗಿಟ್ಟಳು. ಯಾರೋ ದಾರಿಹೋಕರಾಗಿದ್ದರೆ ಬೇರೆ ಮಾತು; ಇಂಥ ಪೂಜ್ಯರ ಚಿತ್ರಕ್ಕೆ ಬಾಗಿದರೆ ಅವರನ್ನೇ ಪೂಜಿಸಿದ ಹಾಗಲ್ಲವೇ? ಇಷ್ಟು ವರ್ಷದ ನಮಾಜೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತೇ? ಸತ್ತ ಗಂಡನನ್ನು ಬೆಳಗ್ಗೆಯಿಡೀ ಬೈದಳು. "ಹೊತ್ಕೊಂಡ್ ಬರೋ ಮುಂಚೆ ಕಣ್ಬಿಟ್ಟು ನೋಡ್ಬಾರ್ದಿತ್ತಾ?"

ಮಧ್ಯಾಹ್ನ, ಹುಡುಗಿಯರಿಗೆ ಕುರಾನ್ ಕಲಿಸುವ ಮಜೀದಾ ಖಾಲಾಳನ್ನು ಕರೆಸಿದಳು. ವಿಷಯವೆಲ್ಲ ಕೇಳಿಕೊಂಡ ಮುದುಕಿ ಚಿತ್ರದ ಹತ್ತಿರವೂ ಸುಳಿಯಲಿಲ್ಲ.

"ಚಾಪೆ ಹಾಕಿ ನಿಂತ್ಕೋ. ಆ ಹೆಂಗ್ಸಿನ ಮೂಗು ಕಾಣ್ತದಾ?"

"ಇಲ್ಲ ಖಾಲಾ."

"ಮಗೂ ಕಣ್ಣು?"

"ಆಪರೇಷನ್ ಆದ್ಮೇಲೂ ಕಾಣ್ತಿಲ್ಲ."

"ನಿಂತಲ್ಲಿಂದ ಮುಖ ತಿಳೀದಷ್ಟು ಸಣ್ಣದಾದ್ರೆ ಬಾಧಕ ಇಲ್ಲ ಅಂತ ಹಿರೀಕರು ಹೇಳಿದಾರೆ. ನಿನ್ನ ನಮಾಜು ಎಲ್ಲೂ ಹೋಗಿಲ್ಲ, ಹುಚ್ಚಿ. ಆದ್ರೆ ಇನ್ಮೇಲೆ ನಿನ್ ಮನಸ್ಸು ಕತ್ತೆ ಹಿಂದೇನೇ ಹೋಗ್ತದೆ. ಇದನ್ನ ಹಜಾರಕ್ಕೆ ಸಾಗ್ಸು."

ನೂರುನ್ನೀಸಾ ಚಾಪೆಯ ಮೇಲೆ ಕುಸಿದು ಮನಸಾರೆ ಅತ್ತಳು. ಆಮೇಲೆ ನಕ್ಕಳು. ಇಬ್ಬರೂ ಸೇರಿ ಚಿತ್ರವನ್ನು ಹಜಾರಕ್ಕೆ ಸಾಗಿಸಿದರು.

ಸಂಜೆ ಬರಿಗೋಡೆಯ ಎದುರು ನಮಾಜು ಮುಗಿಸಿ, ಗಯಾಜ್‌ಗಾಗಿ ದುವಾ ಕೇಳಲು ಕೈ ಎತ್ತಿದಳು. ಯಾಕೋ ಮೊದಲು ಅವನ ಜೊತೆಯೇ ಮಾತಾಡಬೇಕೆನ್ನಿಸಿತು.

"ಬೈದಿದ್ದೆಲ್ಲ ವಾಪಸ್ ತಗೊಂಡೆ ರೀ," ಎಂದಳು. "ನಿಮ್ಗೂ ಕಣ್ಣು ಮಂಜಾಗಿತ್ತೋ ಏನೋ. ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ."